ಹಿಡಿಕೆ ಅವರ ಮನೆಯಲ್ಲಿ, ಹಲ್ಲು ನಮ್ಮ ಮನೆಯಲ್ಲಿ

ಹರಿತವಿದ್ದದ್ದನ್ನು ಇನ್ನೂ ಹರಿತ ಮಾಡಬೇಕೆನ್ನುವ ಚಪಲ ನನಗೆ ಮೊದಲಿನಿಂದಲೂ ಇದೆ. ಪೆನ್ಸಿಲ್ಲಿಗೆ ಮೊನೆ ಬಂದ ಮೇಲೂ ಕೆತ್ತುತ್ತ ಹೋಗಿ, ಬೆರಳಿಗೆ ಸಿಗದಷ್ಟು ಗಿಡ್ಡ ಮಾಡಿ ಎಸೆದದ್ದುಂಟು. ನಮ್ಮ ಮನೆಯ ಈಳಿಗೆ ನನ್ನ ಸೇವೆಯ ಫಲವಾಗಿ ಸವೆದು ಸವೆದು ಬಿದಿಗೆಯ ಚಂದ್ರನಂತಾಗಿದೆ. ನಾನು ಮಸೆಗಲ್ಲು ಹಿಡಿದು ಹಿತ್ತಿಲಿಗೆ ಹೊರಟರೆ ನನ್ನ ಹೆಂಡತಿ ಮೊದಲು ಅಡಿಗೆಮನೆಯ ಚೂರಿಗಳನ್ನು ಅಡಗಿಸಿಡುತ್ತಾಳೆ. ಕೋರ್ಟಿನಲ್ಲಿ ನನ್ನ ವಾದಕ್ಕೆ ಹರಿತ ಸಾಲದೆಂದು ಕಕ್ಷಿದಾರರ ದೂರು. ಆ ಕೊರತೆಯನ್ನು ನಾನು ಮನೆಯಲ್ಲಿ ತುಂಬಿಕೊಳ್ಳುತ್ತೇನೆಂದು ಕಾಣುತ್ತದೆ.

ಈ ಚಪಲ ಒಮ್ಮೆ ನನ್ನ ಗೆಳೆಯನನ್ನೇ ಕಳೆಯುವುದರಲ್ಲಿತ್ತು. ಶಿಗ್ಗಾಂವದಲ್ಲಿ ನಮ್ಮ ಮನೆಗೂ ಕಾಳಿನ ವ್ಯಾಪಾರಿ ಗುರುಸಿದ್ದಪ್ಪನ ಮನೆಗೂ ನಡುವೆ ಒಂದು ಪುಟ್ಟ ಬಯಲು. ನಾವಿಬ್ಬರೂ ಒಂದೇ ಶಾಲೆಯ ಮಣ್ಣಿನಲ್ಲಿ ಹೊರಳಿದವರು. ಸಂಜೆ ನಾನು ಕೋರ್ಟಿನಿಂದ, ಅವನು ಅಂಗಡಿಯಿಂದ ಬಂದ ಮೇಲೆ ಆ ಬಯಲಿನಲ್ಲಿ ಎರಡು ಕುರ್ಚಿ ಹಾಕಿಕೊಂಡು ಕೂಡುವುದು ರೂಢಿ. ಸವಣೂರಿನ ಎಲೆ ಮೆಲ್ಲುತ್ತ ಯುದ್ಧದ ಸುದ್ದಿ ಮಾತಾಡುತ್ತಿದ್ದೆವು. ಜಗತ್ತಿನ ದಂಡುಗಳೆಲ್ಲ ನಮ್ಮ ಸಲಹೆಯಿಲ್ಲದೆ ಕಾದಾಡುತ್ತಿವೆಯಲ್ಲ ಎಂಬ ಮರುಕ ನಮ್ಮಿಬ್ಬರಿಗೂ ಇತ್ತು.

ಆಗಲೇ ಯಾವನೋ ಒಬ್ಬ ಸಾಹೇಬ ದಂಡಿಗೆ ಸೇರಲು ಹೊರಟು, ಅವನ ಸಾಮಾನೆಲ್ಲ ಮುಸಾಫರಿ ಬಂಗಲೆಯಲ್ಲಿ ಹರಾಜಿಗೆ ಬಂತು. ಅದರಲ್ಲಿ ಹುಲ್ಲು ಕತ್ತರಿಸುವ ಒಂದು ಕೈಗಾಡಿ. ಎರಡು ಗಾಲಿ, ನಡುವೆ ಬಾಗಿದ ಅಲಗುಗಳ ಒಂದು ಉರುಳೆ, ಅದರ ಕೆಳಗೆ ನೆಟ್ಟನೆಯ ಒಂದು ಅಲಗು. ಹಿಡಿಕೆ ಹಿಡಿದು ನೂಕಿದರೆ ಉರುಳೆ ತಿರುಗಿ, ಮೇಲಿನ ಅಲಗೂ ಕೆಳಗಿನ ಅಲಗೂ ಕತ್ತರಿಯಂತೆ ಕೂಡಿ ಹುಲ್ಲು ಕತ್ತರಿಸುತ್ತವೆ. ನಾವಿಬ್ಬರೂ ಒಬ್ಬರ ಮೇಲೊಬ್ಬರು ಸವಾಲು ಕೂಗುವುದೇತಕ್ಕೆಂದು ಪಾಲಿನಲ್ಲಿ ಕೊಂಡೆವು. ಎತ್ತು ಎಮ್ಮೆಗಳಿರುವ ಊರಿನಲ್ಲಿ ಹುಲ್ಲು ಕತ್ತರಿಸಲು ಯಂತ್ರ ತಂದವರು ನಾವೇ ಮೊದಲಿಗರು. ಕತ್ತರಿಸಿದ ಹುಲ್ಲನ್ನು ಎಮ್ಮೆಗೆ ಹಾಕುತ್ತೇವೆಂದು ಹೇಳಿ ಊರವರ ನಗೆಯನ್ನು ಸ್ವಲ್ಪ ತಗ್ಗಿಸಿದೆವು.

ನಮ್ಮ ಬಯಲಿನದು ಗರಿಕೆ. ಗಣಪತಿಗೆ ಪ್ರಿಯವಾದದ್ದು. ಗಿಣ್ಣು ಗಿಣ್ಣಿಗೂ ಚಿಗುರುವ ಅದರ ಗುಣವನ್ನು ವೇದವೇ ಕೊಂಡಾಡಿದೆ. ಕೊಂಡಾಡಿದ ಋಷಿಗೆ ಅದನ್ನು ಕತ್ತರಿಸುವ ಕೆಲಸ ಇರಲಿಲ್ಲವೆಂದು ಕಾಣುತ್ತದೆ. ಒಂದು ಮಳೆಗಾಲ ಕಳೆಯುವುದರೊಳಗೆ ಗಾಡಿ ಮೊಂಡಾಯಿತು. ಹುಲ್ಲು ಕತ್ತರಿಸದೆ ಬಾಗಿಸಿ, ಮತ್ತೆ ಎದ್ದು ನಿಲ್ಲಲು ಬಿಟ್ಟು ಮುಂದೆ ಹೋಗುತ್ತಿತ್ತು. ಯುದ್ಧದ ದಿನಗಳಲ್ಲಿ ಯಂತ್ರದ ಎಣ್ಣೆ ಸಿಗದೆ ನಾನು ಕೀಲುಗಳಿಗೆ ಕುಸುಬಿ ಎಣ್ಣೆ ಬಿಟ್ಟಿದ್ದೆ. ಅದು ಒಣಗಿ ಅಂಟಾಗಿ, ಗಾಡಿಯನ್ನು ನೂಕುವುದು ಮಲಗಿದ ಕೋಣವನ್ನು ಎಬ್ಬಿಸಿದಂತಾಯಿತು. ಇರುವೆಗಳು ಮಾತ್ರ ನನ್ನನ್ನು ಹರಸಿದವು.

"ಸಾಣಿಕಲ್ಲಿನ ಪುಡಿ ಎಣ್ಯಾಗ ಕಲಿಸಿ ಅಲಗಿಗೆ ಹಚ್ಚಿ, ಉರುಳಿ ಹಿಂದಕ್ಕ ತಿರುವಬೇಕು. ಎರಡೂ ಅಲಗು ಒಂದನ್ನೊಂದು ತೀಡ್ಕೊಂಡು ತಾವ ಸರಿ ಆಗ್ತಾವ" ಎಂದ ಗುರುಸಿದ್ದಪ್ಪ.

"ಮುಂದಕ್ಕ ಓಡೋ ಗಾಡಿ ಹಿಂದಕ್ಕ ತಿರುವಿದ್ರ ಹರಿತ ಹೆಂಗ ಆಗ್ತದೋ?" ಎಂದೆ ನಾನು.

"ನೀ ಪಾಟೀಸವಾಲಿನ್ಯಾಗ ಸಾಕ್ಷಿದಾರನ್ನ ಹಿಂದಕ್ಕ ತಿರುವೋದಿಲ್ಲೇನು? ಹಂಗ."

ವಕೀಲನಿಗೆ ವಕಾಲತ್ತಿನ ಉದಾಹರಣೆ ಕೊಟ್ಟು ಸೋಲಿಸುವವನ ಮೇಲೆ ಸಿಟ್ಟು ಬಾರದಿರುತ್ತದೆಯೇ? ಅವನು ಹಾನಗಲ್ಲಿನ ಸಂತೆಗೆ ಹೋದ ದಿನ ನಾನು ಅರ ಹಿಡಿದು ಕೂತೆ. ಒಂದೊಂದು ಅಲಗನ್ನೂ ಕುಡುಗೋಲಿನಂತೆ ಬೇರೆಬೇರೆಯಾಗಿ ಮಸೆದೆ. ಪ್ರತಿಯೊಂದೂ ಕ್ಷೌರದ ಕತ್ತಿಯಾಯಿತು, ಅದರಲ್ಲಿ ಸಂದೇಹವಿಲ್ಲ. ಆದರೆ ಒಂದರಷ್ಟು ಎತ್ತರ ಇನ್ನೊಂದಿಲ್ಲ. ಒಂದು ಕೆಳಗಿನ ಅಲಗನ್ನು ಕಚ್ಚಿ ಹಿಡಿಯಿತು, ಮತ್ತೊಂದು ದೂರದಿಂದಲೇ ಕೈಮುಗಿದು ದಾಟಿತು. ಗುರುಸಿದ್ದಪ್ಪ ಬರುವ ಹೊತ್ತಿಗೆ ಬಯಲು ಹುಳ ತಿಂದ ಕಂಬಳಿಯಾಗಿತ್ತು.

ಅವನು ಒಂದು ಸುತ್ತು ಹಾಕಿ ನೋಡಿ, "ನೀ ಹುಲ್ಲು ಕೊಯ್ದಿಲ್ಲೋ, ಹೆದರಿಸೀದಿ" ಎಂದ.

ನಕ್ಕು ಬಿಡಬಹುದಿತ್ತು. "ಕಾಳು ಅಳಿಯೋ ಕೈಗೆ ಯಂತ್ರದ ಮಾತು ಏನು ತಿಳಿತದ?" ಎಂದೆ. ಅವನು ತಿರುಪುಮೊಳೆ ಬಿಚ್ಚಿ ಹಿಡಿಕೆಯನ್ನು ಹೆಗಲಿಗೇರಿಸಿದ. "ನನ್ನ ಪಾಲು ನಾ ಒಯ್ತೇನಿ" ಎಂದು ಹೊರಟೇಹೋದ. ಎಷ್ಟೋ ಪಾಲುಪಟ್ಟಿಯ ದಾವೆಗಳನ್ನು ನಡೆಸಿದ್ದೇನೆ, ಹಿಡಿಕೆಯೊಂದೇ ಪಾಲಿಗೆ ಬಂದ ದಾವೆ ಕಂಡಿರಲಿಲ್ಲ. ಹಿಡಿಕೆಯಿಲ್ಲದ ಹಲ್ಲು ನನಗೆ, ಹಲ್ಲಿಲ್ಲದ ಹಿಡಿಕೆ ಅವನಿಗೆ. ಗರಿಕೆಗೆ ಮಾತ್ರ ಪೂರ್ತಿ ಬಯಲು ಸಿಕ್ಕಿತು.

ಮಾತು ನಿಂತಿತು, ಕುರ್ಚಿಗಳು ಒಳಗೆ ಹೋದವು. ಹೊರಗೆ ಗತ್ತಿನಿಂದಿದ್ದೆ, ಒಳಗೆ ಸಂಕಟವಾಗುತ್ತಿತ್ತು. ಯುದ್ಧದ ಸುದ್ದಿ ಓದಿದರೆ ಯಾರಿಗೆ ಹೇಳುವುದು? ಹೆಂಡತಿಗೆ ಹೇಳಹೋದೆ. ಅವಳು, "ಮೊದಲ ಈ ಬಯಲಿನ ಯುದ್ಧ ಮುಗಸ್ರಿ" ಎಂದಳು.

ದಸರೆ ಬಂತು. ದಶಮಿಯ ದಿನ ಕಿರಿಯರು ಹಿರಿಯರ ಮನೆಗೆ ಹೋಗಿ ಬಂಗಾರವೆಂದು ಬನ್ನಿ ಎಲೆ ಕೊಟ್ಟು ಕಾಲಿಗೆರಗುವುದು ನಮ್ಮ ಕಡೆಯ ಪದ್ಧತಿ. ಬನ್ನಿ ಕೊಟ್ಟ ಮೇಲೆ ಹಳೆಯ ಜಗಳ ಎತ್ತುವಂತಿಲ್ಲ. ಆದರೆ ನಮ್ಮಿಬ್ಬರಲ್ಲಿ ಹಿರಿಯನಾರು? ಹುಟ್ಟಿದ್ದು ಒಂದೇ ತಿಂಗಳಿನಲ್ಲಿ, ತಿಥಿಯ ವಿಷಯದಲ್ಲಿ ಇಬ್ಬರ ತಾಯಂದಿರಿಗೂ ಖಚಿತವಿರಲಿಲ್ಲ. ಅಲ್ಲಿಯವರೆಗೆ ಇಬ್ಬರೂ ತಾನೇ ಚಿಕ್ಕವನೆಂದು ನರೆ ಕಾಣದಂತೆ ಕೂದಲಿಗೆ ಎಣ್ಣೆ ಹಚ್ಚಿ ವಾದಿಸುತ್ತಿದ್ದೆವು. ಆ ವರ್ಷ ಇಬ್ಬರೂ ಇದ್ದಕ್ಕಿದ್ದಂತೆ ಹಿರಿಯರಾದೆವು. ನಾನಂತೂ ಕೋಲು ಹಿಡಿದು ನಡೆಯಲು ಶುರುಮಾಡಿದೆ.

ಖಂಡೇನವಮಿಯ ದಿನ ಮನೆಯ ಆಯುಧಗಳನ್ನೆಲ್ಲ ಪೂಜೆಗಿಟ್ಟೆವು. ಈಳಿಗೆ, ಕೊಡಲಿ, ನನ್ನ ಕಾಯ್ದೆಯ ಪುಸ್ತಕ, ಅವುಗಳ ಪಕ್ಕಕ್ಕೆ ಹಿಡಿಕೆಯಿಲ್ಲದ ಗಾಡಿ. ಬಾಗಿನ ಕೊಡಲು ಗುರುಸಿದ್ದಪ್ಪನ ಮನೆಗೆ ಹೋಗಿ ಬಂದ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಅವರ ಮನ್ಯಾಗ ತಕ್ಕಡಿ ಜೋಡಿ ಹಿಡಿಕಿ ನಿಲ್ಲಿಸಿ ಚೆಂಡು ಹೂ ಏರಿಸ್ಯಾರ. ನಮ್ಮ ಮನ್ಯಾಗ ಹಲ್ಲಿಗೆ ಕುಂಕುಮ ಹಚ್ಚೇವಿ. ದೇವಿ ಯಾರ ಮನಿಗೆ ಬರಬೇಕ್ರಿ?"

ನಾನು ಕಾಯ್ದೆಯ ಪುಸ್ತಕಕ್ಕೆ ಇನ್ನೊಂದು ಹೂ ಏರಿಸಿದೆ.

ದಶಮಿಯ ಸಂಜೆ ನಾನು ನನ್ನ ಕಟ್ಟೆಯ ಮೇಲೆ, ಅವನು ಅವನ ಕಟ್ಟೆಯ ಮೇಲೆ ಹಿರಿಯರಾಗಿ ಕೂತೆವು. ಊರ ಕಿರಿಯರೆಲ್ಲ ಬಂದು ಬನ್ನಿ ಕೊಟ್ಟು ಹೋದರು. ನಡುವೆ ಮೊಣಕಾಲೆತ್ತರದ ಹುಲ್ಲು. ಬೆಳಕು ಕಂದುವ ಹೊತ್ತಿಗೆ ಅವನು ಎದ್ದ. ಹಿಡಿಕೆ ಹೊತ್ತು ಹುಲ್ಲು ತುಳಿಯುತ್ತ ಬರತೊಡಗಿದ. ನನಗೆ ತಡೆಯಲಾಗಲಿಲ್ಲ. ಕೋಲು ಬಿಟ್ಟು ನಾನೂ ಇಳಿದೆ.

"ಹಿಡಿಕಿ ಕೊಡಾಕ ಬಂದೇನಿ. ಬನ್ನಿ ಕೊಡಾಕ ಅಲ್ಲ" ಎಂದ.

"ನಾನೂ ಹಿಡಿಕಿ ಇಸ್ಕೊಳ್ಳಾಕ ಇಳದೇನಿ" ಎಂದೆ.

ಗಾಡಿಯನ್ನು ಅಂಗಳಕ್ಕೆ ತಂದೆವು. ಅವನ ಕಿಸೆಯಲ್ಲಿ ಸಾಣೆಕಲ್ಲಿನ ಪುಡಿಯ ಪೊಟ್ಟಣವಿತ್ತು, ಅಂದರೆ ಹಿರಿತನದ ಲೆಕ್ಕ ಅವನು ಮೊದಲೇ ಬಿಟ್ಟಿದ್ದ. ಅವನು ಪುಡಿ ಹಚ್ಚಿದ, ನಾನು ಉರುಳೆಯನ್ನು ಹಿಂದಕ್ಕೆ ತಿರುವಿದೆ. ಮೊದಲು ಕಿರುಚಿತು, ಆಮೇಲೆ ಗೊಣಗಿತು, ಕೊನೆಗೆ ಪಿಸುಗುಟ್ಟಿತು. ಅಲಗುಗಳನ್ನು ಹತ್ತಿರ ತರುವ ತಿರುಪು ಬಿಗಿ ಮಾಡಹೋದ ನನ್ನ ಕೈ ಹಿಡಿದು, "ಅಷ್ಟು ಸಮೀಪ ಬ್ಯಾಡೋ, ಒಂದನ್ನೊಂದು ತಿಂತಾವ. ಮುಟ್ಟೀತೋ ಇಲ್ಲೋ ಅನ್ನೂಹಂಗ ಇರಬೇಕು" ಎಂದ. ನಾನು ಈ ಬಾರಿ ವಾದಿಸಲಿಲ್ಲ. ಅಲಗಿನ ಎತ್ತರ ತಗ್ಗಿಸಿ ಅವನಿಗೆ ಅರ್ಧ ಕೆಲಸ ಉಳಿಸಿಕೊಟ್ಟವನು ನಾನೇ ಎಂಬುದನ್ನು ಮಾತ್ರ ಮೆಲ್ಲಗೆ ತಿಳಿಸಿದೆ.

ಈಗ ಪರೀಕ್ಷೆಗೆ ಏನಾದರೂ ಬೇಕು. ಬಾಗಿಲಲ್ಲಿ ನಿಂತು ಬೇಸತ್ತಿದ್ದ ನನ್ನ ಹೆಂಡತಿ ತಟ್ಟೆಯಿಂದ ಬನ್ನಿಯ ಒಂದು ಎಳೆ ಟೊಂಗೆ ಎತ್ತಿ, "ಇದನ್ನ ಕೊಯ್ದು ನೋಡ್ರಿ. ಇಬ್ಬರು ಹಿರೇರ ನಡುವ ಇದು ಸುಮ್ಮನ ಬಾಡಾಕತ್ತದ" ಎಂದು ಅಲಗುಗಳ ನಡುವೆ ಹಿಡಿದಳು. ಉರುಳೆ ತಿರುಗಿತು. ಟೊಂಗೆ ಸದ್ದಿಲ್ಲದೆ ಎರಡಾಗಿ, ಒಂದು ತುಂಡು ಅವನ ಕಡೆ, ಒಂದು ನನ್ನ ಕಡೆ ಬಿತ್ತು. ಇಬ್ಬರೂ ಬಾಗಿ ಎತ್ತಿಕೊಂಡೆವು. ಬಾಗಿದ್ದು ಯಾರ ಕಾಲಿಗೆಂದು ಯಾರೂ ಕೇಳಲಿಲ್ಲ.

"ಬಂಗಾರದ್ಹಂಗ ಇರೋಣು" ಎಂದ. ನಾನು ನನ್ನ ಪಾಲಿನ ಬನ್ನಿಯನ್ನು ಅವನ ಕೈಗಿಟ್ಟೆ, ಅಷ್ಟೆ.

ಮರುದಿನ ಬಯಲು ಚೊಕ್ಕಟವಾಯಿತು, ಕುರ್ಚಿಗಳು ಹೊರಗೆ ಬಂದವು. ಯುದ್ಧ ಮುಗಿದು ಈಗ ವರ್ಷಗಳಾದವು. ಹಿರಿಯನಾರೆಂಬುದು ಇನ್ನೂ ಇತ್ಯರ್ಥವಾಗಿಲ್ಲ. ಹುಲ್ಲು ಕತ್ತರಿಸಿದ ಮೇಲೆ ಹಿಡಿಕೆಯನ್ನು ಬಿಚ್ಚಿ ಅವನ ಮನೆಯಲ್ಲಿಡುತ್ತೇವೆ, ಹಲ್ಲನ್ನು ನಮ್ಮಲ್ಲಿ. ಒಂದೇ ಕಡೆ ಇಟ್ಟರಾಗದೇ ಎಂದು ಕಂಡವರು ಕೇಳುತ್ತಾರೆ. ಆಗುತ್ತದೆ. ಆದರೆ ಹೀಗಿದ್ದರೆ ಯಾರಾದರೊಬ್ಬರು ಮೊದಲು ಎದ್ದು ಇನ್ನೊಬ್ಬರ ಮನೆಗೆ ಹೋಗಲೇಬೇಕು. ಪುಣ್ಯಕ್ಕೆ ಗರಿಕೆ ಬಹಳ ಬೇಗ ಬೆಳೆಯುತ್ತದೆ.