ಎರಡು ಸುತ್ತು ಬಿಟ್ಟ ವಾಲ್ವು

ನೀರುಗಂಟಿಗೆ ತನ್ನ ಇಪ್ಪತ್ತಾರು ವಾಲ್ವುಗಳೂ ಬಾಯಿಪಾಠ. ಯಾವುದಕ್ಕೆ ಎಷ್ಟು ಸುತ್ತು, ಯಾವುದು ಎಡಗೈಗೆ ಬಗ್ಗುತ್ತದೆ, ಎಲ್ಲ ತಲೆಯಲ್ಲಿ. ಕಾಗದದ ಮೇಲೆ ಒಂದಕ್ಷರ ಇರಲಿಲ್ಲ. ಎಲ್ಲಾದರೂ ಬರೆದಿಡಿ ಎಂದು ಹೆಂಡತಿ ಹೇಳಿದರೆ ನಗುತ್ತಿದ್ದ.

"ಬರೆದಿಟ್ರೆ ಆಮೇಲೆ ನನ್ನ ಯಾರು ಕೇಳ್ತಾರೆ ಕಣೆ?"

ಒಂಬತ್ತನೇ ವಾಲ್ವಿನ ಗುಟ್ಟು ಊರಿನವರಲ್ಲಿ ಅವಳೊಬ್ಬಳಿಗೆ ಗೊತ್ತಿತ್ತು. ಅಲ್ಲಿಂದ ಅವರದೇ ಕೆಳಬೀದಿಗೆ ಇಳಿಯುವ ಹಳೇ ಪೈಪು ಚರಂಡಿಯೊಳಗೆ ಹಾದುಹೋಗುತ್ತದೆ. ಒಂದು ಕಡೆ ಜೋಡಣೆ ಸಡಿಲ. ಪೈಪಿನಲ್ಲಿ ನೀರಿದ್ದರೆ ಹೊರಕ್ಕೆ ಜಿನುಗುತ್ತದೆ, ಅಷ್ಟೆ. ಖಾಲಿಯಾಯಿತೋ, ಚರಂಡಿ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಅದಕ್ಕೇ ಅವನು ಅದನ್ನು ಎಂದೂ ಪೂರ್ತಿ ಮುಚ್ಚುತ್ತಿರಲಿಲ್ಲ. ಎರಡು ಸುತ್ತು ಬಿಟ್ಟಿರುತ್ತಿದ್ದ.

ನೀರು ಸರ್ಕಾರದ ಇಲಾಖೆಯ ಕೈಯಲ್ಲಿದ್ದಾಗ ಮೂರು ಸಲ ಅರ್ಜಿ ಕೊಟ್ಟ. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ. ಇಂಜಿನಿಯರು ಬದಲಾದರು, ಕುರ್ಚಿ ಬದಲಾಯಿತು, ಪೈಪು ಬದಲಾಗಲಿಲ್ಲ. ಆದರೆ ಆ ಎರಡು ಸುತ್ತು ಯಾಕೆ ಎಂದೂ ಯಾರೂ ಕೇಳಲಿಲ್ಲ. ಹನ್ನೊಂದು ವರ್ಷ ಕೆಳಬೀದಿ ಅದರ ಮೇಲೇ ಬದುಕಿತು.

ಆಮೇಲೆ ನೀರನ್ನು ಕಂಪನಿಗೆ ವಹಿಸಿದರು. ನೀಲಿ ಅಂಗಿ ಬಂತು, ಫೋನು ಬಂತು. ವಾಲ್ವು ತೆಗೆದಾಗ ಒಂದು ಫೋಟೋ, ಮುಚ್ಚಿದಾಗ ಒಂದು ಫೋಟೋ. ಸುಳ್ಳು ಯಾಕೆ ಹೇಳಬೇಕು, ನೀರು ಹೊತ್ತಿಗೆ ಸರಿಯಾಗಿ ಬರತೊಡಗಿತು. ಅವನು ಪೈಪಿನ ವಿಷಯ ಹೇಳಿದ ಕೂಡಲೇ ದೂರಿಗೆ ನಂಬರು ಕೊಟ್ಟರು. ಮರುದಿನ "ನಿಮ್ಮ ದೂರು ಬಗೆಹರಿದಿದೆ" ಎಂದು ಫೋನಿಗೆ ಬಂತು. ಯಾರೂ ಗುದ್ದಲಿ ಹಿಡಿದು ಬಂದಿರಲಿಲ್ಲ.

"ಇಲಾಖೆಯೋರು ಹನ್ನೊಂದು ವರ್ಷದಲ್ಲಿ ಮಾಡದ್ದನ್ನ ಇವ್ರು ಒಂದೇ ದಿನದಲ್ಲಿ ಮಾಡ್ಲಿಲ್ಲ ನೋಡು," ಅಂದ. ನಗಲಿಲ್ಲ.

ಕಂಪನಿ ಮೀಟರು ಕೂರಿಸಿತು. ವಾರದೊಳಗೆ ಮ್ಯಾನೇಜರು ಅವನನ್ನು ಕರೆಸಿದ.

"ಅಣ್ಣ, ಒಂಬತ್ತರಲ್ಲಿ ನೀರು ಪೋಲಾಗ್ತಿದೆ. ಪೂರ್ತಿ ಮುಚ್ಚಿ."

"ಮುಚ್ಚಿದ್ರೆ ಚರಂಡಿ ನೀರು ಒಳಗೆ ಬರುತ್ತೆ ಸರ್."

"ಎಲ್ಲಿ ಬರೆದಿದೆ?"

ಹಳೇ ಅರ್ಜಿಗಳು ಇಲಾಖೆಯ ಜೊತೆ ಹೋಗಿದ್ದವು, ದೂರು ಬಗೆಹರಿದಿತ್ತು. ಇನ್ನೆಲ್ಲೂ ಬರೆದಿರಲಿಲ್ಲ.

ಆದರೂ ಅವನು ಮುಚ್ಚಲಿಲ್ಲ. ಅವನನ್ನು ಊರಿನ ಇನ್ನೊಂದು ಮೂಲೆಗೆ ಹಾಕಿದರು. ಹೊಸಬ ಬೆಳಗ್ಗೆ ಎಂಟಕ್ಕೆ ಒಂಬತ್ತನ್ನು ಬಿಗಿಯಾಗಿ ಮುಚ್ಚಿ, ಫೋಟೋ ತೆಗೆದು ಹೋಗುತ್ತಿದ್ದ. ಎಂಟೂಕಾಲಿಗೆ ನೀರುಗಂಟಿ ತನ್ನ ಹಳೇ ಕಬ್ಬಿಣದ ಕೀ ಹೊತ್ತು ಹೋಗಿ, ಎರಡು ಸುತ್ತು ಬಿಟ್ಟು ಬರುತ್ತಿದ್ದ. ಯಾರೋ ಕೈಯಾಡಿಸುತ್ತಿದ್ದಾರೆ ಎಂದು ಮೀಟರು ಹೇಳಿತು. ಸಿಕ್ಕಿದರೆ ಪೊಲೀಸರಿಗೆ ಕೊಡುತ್ತೇವೆ ಎಂದು ಕಂಪನಿ ಹೇಳಿತು. ಬೀದಿಯಲ್ಲಿ ಬೈಕಿನ ಸದ್ದಾದರೆ ಸಾಕು, ಹೆಂಡತಿಯ ಎದೆಯಲ್ಲಿ ಅವಲಕ್ಕಿ ಕುಟ್ಟಿದ ಹಾಗಾಗುತ್ತಿತ್ತು.

"ಬೇಡ ರೀ. ನಾವು ಕುದಿಸಿ ಕುಡಿಯೋಣ."

"ನಾವು ಕುದಿಸ್ತೀವಿ. ಉಳಿದ ನಲವತ್ತು ಮನೆ?"

"ಹೇಳ್ಬಿಡಿ ಅವ್ರಿಗೆ."

"ಹೇಳಿದ್ರೆ ನಾಳೆ ಬೆಳಗ್ಗೆ ಕಂಪನಿ ನಮ್ಮ ಬಾಗಿಲಲ್ಲಿ. ಆಮೇಲೆ ಆ ಎರಡು ಸುತ್ತು ನೀನು ತಿರುಗಿಸ್ತೀಯಾ?"

ಅವಳು ಬೀದಿಯಲ್ಲಿ ಯಾರಿಗೂ ಹೇಳಲಿಲ್ಲ.

ಒಂದು ಬೆಳಗ್ಗೆ ಅವನು ವಾಪಸ್ಸು ಬರಲಿಲ್ಲ. ಮೂಲೆ ಅಂಗಡಿಯ ದರ್ಜಿಯೂ ಇನ್ನಿಬ್ಬರೂ ಹೊತ್ತು ತಂದರು. ವಾಲ್ವಿನ ಗುಂಡಿಯ ಪಕ್ಕ ಗೋಡೆಗೊರಗಿ ಕೂತಿದ್ದನಂತೆ, ಕಣ್ಣು ತೆರೆದೇ ಇತ್ತಂತೆ. ಮನೆಯಲ್ಲಿ ಎಲ್ಲರೂ ಅತ್ತರು. ಅವಳು ದರ್ಜಿಯನ್ನು ಒಂದೇ ಮಾತು ಕೇಳಿದಳು.

"ಗುಂಡಿ ಮುಚ್ಚಳ ತೆಗೆದಿತ್ತಾ?"

"ಈಗ ಅದೆಲ್ಲ ಯಾಕಕ್ಕ?"

"ತೆಗೆದಿತ್ತಾ?"

"ನೋಡ್ಲಿಲ್ಲಕ್ಕ."

ತಿರುಗಿಸಿ ಕೂತನೋ, ತಿರುಗಿಸುವ ಮೊದಲೇ ಕೂತನೋ. ಅವಳಿಗೆ ಗಂಡನ ಮುಖ ನೋಡಿದರೂ ಅದೇ, ಕಣ್ಣು ಮುಚ್ಚಿದರೂ ಅದೇ.

ಮರುದಿನ ಬೆಳಗ್ಗೆ ನೀರು ಬಿಡುವ ಹೊತ್ತಿಗೆ, ಆರಕ್ಕೆ, ಹಿತ್ತಲಿನ ನಲ್ಲಿ ತಿರುಗಿಸಿದಳು. ನೀರು ಬರಲಿಲ್ಲ. ಬುಸ್ಸೆಂದು ಗಾಳಿ ಬಂತು. ಇಷ್ಟು ವರ್ಷದಲ್ಲಿ ಆ ನಲ್ಲಿ ಹೀಗೆ ಉಸಿರು ಬಿಟ್ಟಿರಲಿಲ್ಲ, ಪೈಪು ಖಾಲಿಯಾಗಿರಲಿಲ್ಲ. ಆಮೇಲೆ ನೀರು ಬಂತು, ತಿಳಿಯಾಗಿಯೇ ಇತ್ತು. ಬೊಗಸೆಯಲ್ಲಿ ಹಿಡಿದು ಮೂಸಿದಳು.

ಚಪ್ಪಲಿ ಮೆಟ್ಟದೆ ಬೀದಿಗೆ ಓಡಿದಳು. ಪಕ್ಕದ ಮನೆಯವಳ ಕೊಡ ಅರ್ಧ ತುಂಬಿತ್ತು. ಕಿತ್ತುಕೊಂಡು ಚೆಲ್ಲಿದಳು.

"ಕುಡೀಬೇಡ ಕಣೇ. ಮಕ್ಕಳಿಗೆ ಕೊಡ್ಬೇಡ."

"ಅಯ್ಯೋ ಅಕ್ಕ, ನೀವು ಒಳಗೆ ಹೋಗಿ ಮಲಗಿ," ಅಂದಳು ಅವಳು, ಮೆಲ್ಲಗೆ ಬೆನ್ನು ಸವರಿ. ಕೊಡವನ್ನು ಮತ್ತೆ ನಲ್ಲಿಗೆ ಇಟ್ಟಳು.

ಎರಡನೇ ಮನೆಯಲ್ಲಿ ಕೂರಿಸಿ ಒಂದು ಲೋಟ ನೀರು ಕೊಡಲು ಬಂದರು.

ಮೂರನೆಯ ಬಾಗಿಲು ಬಡಿದಳು. ಬೀದಿಯುದ್ದಕ್ಕೂ ಕೊಡಗಳು ತುಂಬುವ ಸದ್ದು ಕೇಳುತ್ತಿತ್ತು.