ಪಿಸ್ಟನ್ ಮೇಲೆ ಮೆತ್ತಿದ ಹಿಟ್ಟು

ಹೊಲಿಗೆ ಯಂತ್ರ ರಿಪೇರಿ ಮಾಡುವ ನನ್ನ ಅಕ್ಕ ರೇಸ್ ಕಾರಿನ ಇಂಜಿನ್ ಕಟ್ಟುತ್ತೇನೆಂದಾಗ ಮೊದಲು ಮೂಗು ಮುರಿದವಳು ನಾನೇ. "ಹಾಸಿಗೆ ಇದ್ದಷ್ಟು ಕಾಲು ಚಾಚೇ," ಅಂದೆ.

"ಚಾಚೋದು ನಿಮ್ಮ ಭಾವನ ಕಾಲು, ಆಕ್ಸಿಲರೇಟರ್ ಮೇಲೆ," ಅಂದಳು.

ಭಾವ ಶಾಲೆಯ ಬಸ್ ಓಡಿಸುವವರು. ಹಿಂದೆ ಕೂತ ಮಕ್ಕಳಿಗೇನಾದರೂ ಆದೀತೆಂದು ಹೆದರಿ ಆಮೆಯಂತೆ ಹೋಗುವ ಮನುಷ್ಯನಿಗೆ, ಜನ್ಮದಲ್ಲೊಮ್ಮೆಯಾದರೂ ರೇಸಿನಲ್ಲಿ ಓಡಿಸಬೇಕೆಂಬ ಹುಚ್ಚು. ಹುಚ್ಚು ಅವರದು, ಕೈಕೆಲಸ ಇವಳದು.

ಗುಜರಿಯಿಂದ ಹಳೆಯ ಟ್ಯಾಕ್ಸಿಯೊಂದರ ಇಂಜಿನ್ ಬಂತು. ಅಂಗಡಿಯ ಹಿಂದಿನ ಕೋಣೆಯಲ್ಲಿ ಅಕ್ಕ ಅದನ್ನು ಬಿಚ್ಚಿ ಹರಡಿದಳು. ಕೊಳ್ಳಲೇಬೇಕಾದ ಭಾಗಗಳನ್ನಷ್ಟೇ ಕೊಂಡಳು. ಉಳಿದದ್ದಕ್ಕೆಲ್ಲ ಸೀಮೆಎಣ್ಣೆ, ಉಪ್ಪುಕಾಗದ, ತಾಳ್ಮೆ. ನಾಲ್ಕು ಪಿಸ್ಟನ್ನುಗಳನ್ನೂ ತಕ್ಕಡಿಯಲ್ಲಿ ತೂಗಿ, ಭಾರವಾದದ್ದನ್ನು ಅರದಿಂದ ಉಜ್ಜಿ ಸಮ ಮಾಡಿದಳು. ಮೂರು ವರ್ಷ ಹಿಡಿಯಿತು. ಅದು ಮೊದಲ ಸಲ ಶುರುವಾದಾಗ ಮೊಳೆಗೆ ತೂಗುಹಾಕಿದ್ದ ಕತ್ತರಿಗಳೆಲ್ಲ ಗಿಲಗಿಲ ಅಂದವು. ತೂಕಕ್ಕೆ ಕೊಂಡ ಕಬ್ಬಿಣ ಉಸಿರಾಡುತ್ತಿತ್ತು!

ಇನ್ನಷ್ಟು ಶಕ್ತಿ ಬರಲೆಂದು ಆಮೇಲೆ ಇಂಜಿನ್ನಿನ ಮೇಲ್ಮುಚ್ಚಳವಾದ ಹೆಡ್ಡನ್ನು ತುಸು ತೆಳ್ಳಗೆ ಮಾಡಿಸಿದಳು. ಆಗ ಮೇಲೇರುವ ಪಿಸ್ಟನ್ನಿಗೂ ಕೆಳಗಿಳಿಯುವ ವಾಲ್ವಿಗೂ ನಡುವಿನ ಜಾಗ ಕಡಿಮೆಯಾಗುತ್ತದೆ, ಎರಡೂ ತಾಗಕೂಡದು. ಪಿಸ್ಟನ್ ತಲೆಗೆ ಮಕ್ಕಳಾಟದ ಜೇಡಿಮಣ್ಣು ಮೆತ್ತಿ, ಹೆಡ್ ಮುಚ್ಚಿ, ಕೈಯಲ್ಲೇ ಇಂಜಿನ್ ತಿರುಗಿಸಿ, ಮತ್ತೆ ಬಿಚ್ಚಿ, ಚಪ್ಪಟೆಯಾದ ಮಣ್ಣಿನ ದಪ್ಪ ಅಳೆಯುವುದು ಬಡವರ ಉಪಾಯ. ಅವತ್ತು ಮಣ್ಣು ಒಣಗಿ ಕಲ್ಲಾಗಿತ್ತು. "ಮಣ್ಣಾದ್ರೇನು, ಹಿಟ್ಟಾದ್ರೇನು," ಎಂದು ಅಡುಗೆಮನೆಯಿಂದ ನಾದಿದ ಹಿಟ್ಟು ತಂದು ಮೆತ್ತಿದಳು. ಅಳೆದಾಗ ದಪ್ಪ ಬೇಕಾದಷ್ಟಿತ್ತು.

ರೇಸಿನ ದಿನ ಭಾವ ಬೆಳಿಗ್ಗೆಯೇ ಆ ಇಂಜಿನ್ ಕೂರಿಸಿದ ಹಳೆಯ ಕಾರನ್ನು ಲಾರಿಗೇರಿಸಿಕೊಂಡು ಹೋದರು. ನಾವು ಊಟ ಕಟ್ಟಿಕೊಂಡು ಹೋಗುವುದೆಂದಾಗಿತ್ತು. ಹಿಟ್ಟು ನಾದುತ್ತಿದ್ದ ಅಕ್ಕನ ಕೈ ಇದ್ದಕ್ಕಿದ್ದಂತೆ ನಿಂತಿತು. ಹಿಟ್ಟನ್ನು ಬೆರಳಿನಿಂದ ಒತ್ತಿದಳು. ಕುಳಿ ಬಿತ್ತು. ನೋಡನೋಡುತ್ತ ಅದು ಮೆಲ್ಲಗೆ ಮೇಲೆದ್ದು ಅರ್ಧ ತುಂಬಿಕೊಂಡಿತು.

"ಮಣ್ಣು ಒತ್ತಿದ ಹಾಗೇ ಇರುತ್ತೆ ಕಣೇ. ಇದು ವಾಪಸ್ ಏಳುತ್ತೆ. ನಾನು ಅಳೆದಿದ್ದು ಸುಳ್ಳು, ಅಷ್ಟು ಜಾಗ ಇಲ್ಲ! ಪೂರ್ತಿ ವೇಗದಲ್ಲಿ ವಾಲ್ವ್ ಬಡಿದ್ರೆ ಇಂಜಿನ್ ಕಚ್ಕೊಳ್ಳುತ್ತೆ, ಚಕ್ರ ನಿಂತ್ಬಿಡುತ್ತೆ. ಅವರು..."

ಭಾವ ಫೋನ್ ಎತ್ತಲಿಲ್ಲ. ನಾನು ಸ್ಕೂಟರ್ ಓಡಿಸಿದ ಪರಿ ಕಂಡಿದ್ದರೆ ನನ್ನನ್ನೂ ರೇಸಿಗೆ ಸೇರಿಸಿಕೊಳ್ಳುತ್ತಿದ್ದರು. ಮೈದಾನ ತಲುಪಿದಾಗ ಕಾರುಗಳು ಸಾಲಾಗಿ ನಿಂತು ಗುಡುಗುತ್ತಿದ್ದವು. ಅಕ್ಕ ಬೇಲಿ ಹತ್ತಿ ಹಾರಿ, ಅವುಗಳ ನಡುವೆ ನುಗ್ಗಿ, ಭಾವನ ಕಾರಿನ ಬಾನೆಟ್ಟಿಗೆ ಬಡಿದಳು.

"ಆಫ್ ಮಾಡ್ರೀ!"

ಭಾವ ಆಫ್ ಮಾಡಿದರು. ಬಾವುಟ ಇಳಿಯಿತು, ಉಳಿದವರೆಲ್ಲ ಹೊರಟುಹೋದರು. "ಬ್ರೇಕ್ ಹೆಂಡ್ತಿ ಕೈಲಿದೆ, ಪಾಪ!" ಎಂದು ಯಾರೋ ಕೂಗಿದರು. ನನಗೆ ಅವನ ಕಪಾಳಕ್ಕೆ ಬಿಗಿಯಬೇಕೆನಿಸಿತು. ಅಕ್ಕ ಹೇಳಿದ್ದು ತಪ್ಪಾಗಿದ್ದರೆ ಎಂಬ ಭಯ ಬೇರೆ.

ಬದಿಗೆ ತಳ್ಳಿ, ಇಂಜಿನ್ ಆರಿದ ಮೇಲೆ ಹೆಡ್ ಬಿಚ್ಚಿದೆವು. ಎರಡನೆಯ ಪಿಸ್ಟನ್ನಿನ ಕಪ್ಪು ತಲೆಯ ಮೇಲೆ, ಕತ್ತರಿಸಿದ ಉಗುರಿನಷ್ಟು, ಒಂದು ಹೊಳೆಯುವ ಗೀರು. ಬೆಳಗಿನ ಅಭ್ಯಾಸದ ಓಟದಲ್ಲೇ ವಾಲ್ವ್ ತಾಗಿತ್ತು. ಅಕ್ಕ ನೆಲದ ಮೇಲೆ ಕುಸಿದು ಕೂತು ಗೊಳೋ ಎಂದು ಅತ್ತಳು.

ನನಗೆ ತಡೆಯಲಾಗಲಿಲ್ಲ. "ಭಾವ, ಮೂರು ವರ್ಷ ಕಾದಿದ್ರಿ. ಯಾಕೆ ಅಂತಾನೂ ಕೇಳ್ದೆ ಹೆಂಗೆ ಆಫ್ ಮಾಡಿದ್ರಿ?"

"ಕಟ್ಟಿದೋಳು ನಿಲ್ಸು ಅಂದ್ಲು, ನಿಲ್ಸಿದೆ."

"ಈ ಗೀರು ಇಲ್ದೇ ಇದ್ದಿದ್ರೆ? ರೇಸ್ ಸುಮ್ಮನೆ ಹೋಗ್ತಿತ್ತಲ್ಲ!"

"ಹೋಗ್ಲಿ ಬಿಡು," ಅಂದರು ಭಾವ, ಅಕ್ಕನ ಪಕ್ಕ ಕೂರುತ್ತ. "ಮುಂದಿನ ಸಲ ಇವಳು ನಿಲ್ಸು ಅಂದ್ರೂ ನಿಲ್ಲಿಸ್ತೀನಿ."