ಕುಶಾಲಪ್ಪನವರ ಫೋನ್ ಆಫ್ ಮಾಡಿದ್ದು ಯಾರು?

ಕೊರೊನಾ ಗಲಾಟೆ ಮುಗಿದ ಮೇಲಿನ ಎರಡನೇ ಚಳಿಗಾಲ. ಆಗ ನಾನು ಮಡಿಕೇರಿಯ ಬಸ್ ನಿಲ್ದಾಣದ ಹತ್ತಿರ, ಬೇಕರಿಯೊಂದರ ಪಕ್ಕದ ಮಳಿಗೆಯಲ್ಲಿ ಮೊಬೈಲ್ ರಿಪೇರಿ ಮಾಡುತ್ತಿದ್ದೆ. ನಮ್ಮ ಹಿರಿಯರು ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಬೇಸಾಯಕ್ಕೆ ನಿಂತವರು. ನನಗೆ ಹೊಲದ ಕೆಲಸ ಒಗ್ಗಲಿಲ್ಲ. ಹಾಳಾದ ರೇಡಿಯೊ ಬಿಚ್ಚುವುದರಲ್ಲಿ ಶುರುವಾದ ಚಾಳಿ ಕೊನೆಗೆ ಹೊಟ್ಟೆಪಾಡಾಯಿತು.

ಈ ಕಸುಬಿನಲ್ಲಿ ದಿನಾ ಕೇಳುವ ದೂರು ಒಂದೇ: "ಚಾರ್ಜ್ ಇದ್ರೂ ತಾನಾಗೇ ಆಫ್ ಆಗ್ತದೆ." ಹೊಟ್ಟೆನೋವು ಎಂದು ಬಂದ ರೋಗಿಯ ಹಾಗೆ ಇದು. ಕಾರಣ ಹತ್ತಾರು ಇರಬಹುದು. ಆದರೂ ಹೆಚ್ಚಿನ ಸಲ ಬ್ಯಾಟರಿ ಹಳತಾಗಿರುತ್ತದೆ. ಪರದೆಯ ಮೇಲೆ ನಲವತ್ತು ಪರ್ಸೆಂಟ್ ಎಂದು ತೋರಿಸಿದರೂ ಒಳಗೆ ಕಸುವು ಇರುವುದಿಲ್ಲ. ಕ್ಯಾಮೆರಾ ತೆರೆದರೆ, ಫೋನ್ ಬಂದರೆ, ಒಮ್ಮೆಲೇ ಹೆಚ್ಚು ಕರೆಂಟ್ ಬೇಕಾಗಿ ವೋಲ್ಟೇಜ್ ಕುಸಿದು ಫೋನ್ ಮಲಗಿಬಿಡುತ್ತದೆ. ಬ್ಯಾಟರಿ ಬದಲಿಸಿದರೆ ಮುಗಿಯಿತು. ಕುಶಾಲಪ್ಪನವರ ಫೋನ್ ಕೈಗೆ ಬಂದಾಗ ನಾನು ಅಂದುಕೊಂಡದ್ದೂ ಅಷ್ಟೇ.

ಕುಶಾಲಪ್ಪನವರು ಭಾಗಮಂಡಲ ದಾಟಿ ಕರಿಕೆ ರಸ್ತೆಯ ಒಂದು ಕವಲಿನಲ್ಲಿ ಸಿಗುವ ಸಣ್ಣ ಊರಿನ ಜೀಪ್ ಡ್ರೈವರ್. ಬಸ್ಸು ಆ ಊರಿಗೆ ಹೋಗುವುದಿಲ್ಲ. ರೇಷನ್ನಿಗೆ, ಆಸ್ಪತ್ರೆಗೆ, ಮದುವೆಗೆ, ಎಲ್ಲದಕ್ಕೂ ಅವರ ಜೀಪೇ ಗತಿ. ಐವತ್ತರ ಆಸುಪಾಸಿನ ಗಟ್ಟಿ ಆಳು. ಫೋನನ್ನು ನನ್ನ ಮೇಜಿನ ಮೇಲಿಟ್ಟು, "ಇದು ತಾನಾಗೇ ಆಫ್ ಆಗ್ತದೆ ಸರ್" ಎಂದರು.

"ಬಿಟ್ಟು ಹೋಗಿ, ಸರಿ ಮಾಡಿಡ್ತೇನೆ."

"ಸರಿ ಮಾಡೋದು ಬೇಡ," ಎಂದರು. "ಆಫ್ ಆಗ್ತದೆ ಅಂತ ತೋರಿಸಿ ಕೊಡಿ. ಬೇರೆಯವರು ನೋಡೋ ಹಾಗೆ."

ಫೋನ್ ಕೆಡಿಸಿ ಕೊಡಿ ಎಂದು ಕೇಳಿದ ಗಿರಾಕಿಯನ್ನು ನಾನು ಅದುವರೆಗೆ ಕಂಡಿರಲಿಲ್ಲ. ತಲೆಬುಡ ಅರ್ಥವಾಗದೆ ಅವರ ಮುಖ ನೋಡಿದೆ. ಆಮೇಲೆ ಅವರೇ ಬಿಡಿಸಿ ಹೇಳಿದರು.

ಅವರಿಗೆ ಬೆಳ್ಯಪ್ಪ ಎಂಬ ಅಣ್ಣ. ಆಸ್ತಿ ಪಾಲಾದಾಗ ಜೀಪು ಹೋಗುವ ದಾರಿಯ ವಿಷಯದಲ್ಲಿ ಮಾತಿಗೆ ಮಾತು ಬೆಳೆದು, ಒಂದು ವರ್ಷದ ಮೇಲಾಯಿತು, ಇಬ್ಬರ ನಡುವೆ ಮಾತೇ ಇಲ್ಲ. ಆ ತಿಂಗಳ ಮೊದಲಲ್ಲಿ ಒಂದು ದಿನ ಬೆಳಿಗ್ಗೆ ಬೆಳಿಗ್ಗೆಯೇ ಅಣ್ಣನ ಸೊಸೆಗೆ ದಿನ ತುಂಬುವ ಮೊದಲೇ ನೋವು ಬಂತು. ಬೆಳ್ಯಪ್ಪನವರು ಹಟ ಬಿಟ್ಟು ತಮ್ಮನಿಗೆ ಫೋನ್ ಮಾಡಿದರು. "ನೀವು ಕರೆ ಮಾಡಿದ ಚಂದಾದಾರರು ಸ್ವಿಚ್ ಆಫ್ ಮಾಡಿದ್ದಾರೆ" ಎಂದಿತು. ಮತ್ತೆ ಮಾಡಿದರು. ಅದೇ ಮಾತು. ಕೊನೆಗೆ ಆ ಹುಡುಗಿಯನ್ನು ಕುರ್ಚಿಯಲ್ಲಿ ಕೂರಿಸಿ ಮುಖ್ಯ ರಸ್ತೆಯವರೆಗೆ ಹೊತ್ತುಕೊಂಡು ಹೋದರು. ಹಾಲಿನ ವ್ಯಾನು ಸಿಕ್ಕಿತು. ಮಗು ಹುಟ್ಟಿದ್ದು ಆ ವ್ಯಾನಿನಲ್ಲೇ, ಕ್ಯಾನುಗಳ ನಡುವೆ. ತಾಯಿ ಮಗು ಇಬ್ಬರೂ ಬದುಕಿಕೊಂಡದ್ದು ದೊಡ್ಡ ಪುಣ್ಯ.

"ನಾನು ಬೇಕಂತಲೇ ಆಫ್ ಮಾಡಿದೆ ಅಂತ ಅಣ್ಣ ಊರೆಲ್ಲ ಹೇಳಿದ. ಊರೂ ನಂಬಿತು," ಎಂದರು ಕುಶಾಲಪ್ಪ. "ಮಗುವಿನ ನಾಮಕರಣ ಉಂಟು ಬರೋ ವಾರ. ಎಲ್ಲ ಮನೆಗೂ ಹೇಳಿದ್ದಾನೆ. ನಮ್ಮನೆಗೆ ಇಲ್ಲ."

ಅಷ್ಟು ಹೇಳಿ ಫೋನನ್ನು ನನ್ನ ಕಡೆಗೆ ತಳ್ಳಿದರು. ಎರಡು ದಿನ ಬಿಟ್ಟು ಬನ್ನಿ, ತೋರಿಸಿಯೇ ಕೊಡುತ್ತೇನೆ ಎಂದು ಜಂಬದಿಂದ ಹೇಳಿ ಕಳಿಸಿದೆ.

ಜಂಬ ಇಳಿಯಲು ಒಂದು ಹಗಲು ಸಾಕಾಯಿತು. ಆ ಫೋನ್ ಆಫ್ ಆಗಲೇ ಇಲ್ಲ. ಕಳೆದ ಬೇಸಿಗೆಯಲ್ಲಿ ಕೊಂಡ ಫೋನು, ಅಷ್ಟೇನೂ ಹಳತಲ್ಲ. ಹಿಂಬದಿ ಬಿಚ್ಚಿ ನೋಡಿದೆ. ಬ್ಯಾಟರಿ ಊದಿಕೊಂಡಿರಲಿಲ್ಲ, ಮೀಟರ್ ಇಟ್ಟರೆ ವೋಲ್ಟೇಜ್ ಸರಿಯಾಗಿತ್ತು. ಪವರ್ ಬಟನ್ ಒಳಗೆ ಸಿಕ್ಕಿಕೊಂಡರೂ ಫೋನ್ ಹೀಗೆ ಆಡುವುದುಂಟು. ಅದೂ ಸರಿಯಿತ್ತು. ಬೋರ್ಡಿನಲ್ಲಿ ಬೆಸುಗೆ ಬಿಟ್ಟಿದೆಯೋ ಎಂದು ತಟ್ಟಿ, ಮೆಲ್ಲಗೆ ಬಗ್ಗಿಸಿ ನೋಡಿದೆ. ಜಪ್ಪಯ್ಯ ಎನ್ನಲಿಲ್ಲ. ಸೇಫ್ ಮೋಡಿನಲ್ಲಿಟ್ಟೆ. ಅಂದರೆ ನಾವು ಹಾಕಿಕೊಂಡ ಆಪ್‌ಗಳನ್ನೆಲ್ಲ ಬದಿಗಿಟ್ಟು ಕಂಪನಿ ಕೊಟ್ಟದ್ದನ್ನು ಮಾತ್ರ ಓಡಿಸುವುದು. ಸೇಫ್ ಮೋಡಿನಲ್ಲೂ ಅಷ್ಟೇ, ಹೊರಗೂ ಅಷ್ಟೇ. ಇಡೀ ಮಧ್ಯಾಹ್ನ ವಿಡಿಯೊ ಓಡಿಸಿದೆ. ಚಾರ್ಜು ನೂರರಿಂದ ಒಂದರವರೆಗೆ ಶಿಸ್ತಾಗಿ ಇಳಿಯಿತು. ನನ್ನ ಇಡೀ ವೃತ್ತಿಯಲ್ಲಿ ಒಂದು ಫೋನ್ ಸಾಯಲಿ ಎಂದು ನಾನು ಹಾರೈಸಿದ್ದು ಅದೊಂದೇ ಸಲ.

ಹೇಳಿದ ದಿನ ಬಂದಾಗ ಕುಶಾಲಪ್ಪನವರನ್ನು ಕೂರಿಸಿ ಕೇಳಿದೆ. ಯಾವಾಗ ಆಫ್ ಆಗುತ್ತದೆ?

"ಬೆಳಿಗ್ಗೆ. ಯಾವಾಗಲೂ ಬೆಳಿಗ್ಗೆಯೇ. ಜೀಪ್ ತೆಗೆಯೋಣ ಅಂತ ಕೈಗೆ ತಗೊಂಡ್ರೆ ಆಫ್ ಆಗಿರ್ತದೆ. ಆನ್ ಮಾಡಿದ್ರೆ ಎಂಬತ್ತು ತೊಂಬತ್ತು ಚಾರ್ಜ್ ಇರ್ತದೆ. ಮತ್ತೆ ದಿನವಿಡೀ ಏನೂ ಇಲ್ಲ."

ದಿನವೂ ಹೀಗೆಯೇ ಎಂದರೆ ಯಾರೋ ಸಮಯ ಗೊತ್ತುಮಾಡಿ ಇಟ್ಟಿರಬೇಕು. ಕೆಲವು ಆಂಡ್ರಾಯ್ಡ್ ಫೋನುಗಳಲ್ಲಿ ಇಂತಿಷ್ಟು ಹೊತ್ತಿಗೆ ತಾನಾಗಿ ಆಫ್ ಆಗು, ಇಂತಿಷ್ಟು ಹೊತ್ತಿಗೆ ಆನ್ ಆಗು ಎಂದು ಹೇಳಿಡಬಹುದು. ಸೆಟ್ಟಿಂಗ್ಸ್ ಜಾಲಾಡಿದೆ. ಅಂಥದ್ದೇನೂ ಇರಲಿಲ್ಲ. ಆಗ ನನಗೆ ಹೊಳೆದದ್ದು ಚಳಿ. ಬೆಟ್ಟದ ಮೇಲಿನ ಊರು, ಬೆಳಗಿನ ಹೊತ್ತು ಕೈಕಾಲು ಮರಗಟ್ಟುವ ಥಂಡಿ. ತುಂಬ ತಣ್ಣಗಾದರೆ ಬ್ಯಾಟರಿ ಶಕ್ತಿ ಕೊಡಲಾರದು. ಸಿಕ್ಕಿದ ಕಳ್ಳ ಎಂದು ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಪಕ್ಕದ ಬೇಕರಿಯ ಫ್ರಿಜ್ಜಿನಲ್ಲಿ, ಕೇಕುಗಳ ಪಕ್ಕ ಇಟ್ಟೆ. ಬೇಕರಿಯ ಇಬ್ರಾಹಿಂ ಭಾಯ್ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏನ್ ಸ್ವಾಮಿ, ಇದಕ್ಕೂ ಕ್ರೀಮ್ ಹಾಕ್ಬೇಕಾ?" ಎಂದರು. ಒಂದು ಗಂಟೆ ಬಿಟ್ಟು ತೆಗೆದರೆ ಆ ಮಹರಾಯ ಫೋನು ಮಂಜಿನ ಹನಿ ಹೊತ್ತುಕೊಂಡೇ ರಿಂಗಾಯಿತು.

ನಾನು ಸೋತೆ. ಒಳಗೊಳಗೇ ಒಂದು ಕೆಟ್ಟ ಅನುಮಾನವೂ ಬಂತು. ಅಣ್ಣ ಹೇಳಿದ್ದೇ ನಿಜವಿದ್ದರೆ? ಆದರೆ ತಾನೇ ಆಫ್ ಮಾಡಿದವನು ಘಾಟಿ ರಸ್ತೆ ಹತ್ತಿಳಿದು ಅಂಗಡಿಗೆ ಯಾಕೆ ಬರುತ್ತಾನೆ? ಎತ್ತ ತಿರುಗಿದರೂ ಗೋಡೆ. ಕೊನೆಗೆ, "ಫೋನ್ ನನ್ನ ಅಂಗಡಿಯಲ್ಲಿ ಕೆಡೋದಿಲ್ಲ, ನಿಮ್ಮ ಮನೆಯಲ್ಲಿ ಕೆಡ್ತದೆ. ನಾನೇ ಬರ್ತೇನೆ" ಎಂದೆ.

ಶನಿವಾರ ಅಂಗಡಿ ಮುಚ್ಚಿ ಅವರ ಜೀಪಿನಲ್ಲೇ ಹೋದೆ. ಅವರ ಹೆಂಡತಿ ದಮಯಂತಿಯವರು ಅಕ್ಕಿ ರೊಟ್ಟಿ, ಪಲ್ಯ ಮಾಡಿ ಬಡಿಸಿದರು. ಊಟವಾದ ಮೇಲೆ ಫೋನ್ ಎಲ್ಲಿಡುತ್ತೀರಿ ಎಂದು ಕೇಳಿದೆ. "ರೇಂಜ್ ಇರೋ ಜಾಗದಲ್ಲಿ" ಎಂದರು ಕುಶಾಲಪ್ಪ. ನಮ್ಮ ಜಿಲ್ಲೆಯ ಗುಡ್ಡದ ಮನೆಗಳಲ್ಲಿ ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ಮನೆಯಿಡೀ ಸಿಗ್ನಲ್ ಸಿಗುವುದಿಲ್ಲ. ಎಲ್ಲೋ ಒಂದು ಕಿಟಕಿಯ ಮೂಲೆಯಲ್ಲಿ, ಒಂದು ಕಂಬದ ಹತ್ತಿರ ಎರಡು ಕಡ್ಡಿ ಬರುತ್ತದೆ. ಫೋನನ್ನು ಅಲ್ಲೇ ತೂಗುಹಾಕಿ, ರಿಂಗಾದರೆ ಓಡಿ ಬರುತ್ತಾರೆ. ಇವರ ಮನೆಯಲ್ಲಿ ಆ ಜಾಗ ಹಿತ್ತಿಲ ಜಗಲಿಯ ತೊಲೆ. ಅಲ್ಲೊಂದು ಮೊಳೆ, ಮೊಳೆಗೆ ದಪ್ಪ ಬಟ್ಟೆಯ ಚೀಲ, ಚೀಲದೊಳಗೆ ಫೋನು, ಚಾರ್ಜರ್ ವಯರು. ಕತ್ತಲಾಗಿತ್ತು. ಟಾರ್ಚ್ ಹಾಕಿ ನೋಡಿ, ವಯರನ್ನು ಎಳೆದು ಪರೀಕ್ಷಿಸಿ ಬಂದು ಮಲಗಿದೆ.

ಬೆಳಿಗ್ಗೆ ಮಫ್ಲರ್ ಸುತ್ತಿಕೊಂಡು ಜಗಲಿಗೆ ಹೋದವನು ಅಲ್ಲೇ ನಿಂತುಬಿಟ್ಟೆ. ದಮಯಂತಿಯವರು ಬಚ್ಚಲ ಹಂಡೆಯ ಒಲೆ ಹಚ್ಚುತ್ತಿದ್ದರು. ಒಲೆಯ ಬಾಯಿ ಜಗಲಿಯ ಕಡೆಗಿತ್ತು, ಫೋನಿನ ಚೀಲ ಅದರ ನೇರ ಮೇಲೆ ತೂಗುತ್ತಿತ್ತು. ಒಣಗಿದ ಕಾಫಿ ಬೇರು ಹಿಡಿದುಕೊಂಡಿತೆಂದರೆ ಅದರ ಕಾವು ಬಲು ಜೋರು. ನಾನು ಸ್ಟೂಲ್ ಹಾಕಿ ಹತ್ತಿ, ಚೀಲದ ಬಾಯಿ ಅಗಲಿಸಿ, ಪರದೆ ನೋಡುತ್ತ ನಿಂತೆ. ಮುಖಕ್ಕೆ ಬಿಸಿಯ ಹೊಡೆತ, ಕಣ್ಣಲ್ಲಿ ಹೊಗೆ. ನೀರು ಕುದಿಯುವ ಸದ್ದು ಶುರುವಾಗಿ ಸ್ವಲ್ಪ ಹೊತ್ತಿಗೆ ಪರದೆ ಬೆಳಗಿತು, ಕಂಪನಿಯ ಗುರುತು ಬಂತು, ಫೋನ್ ಆಫ್ ಆಯಿತು. ಕೈಗೆ ತೆಗೆದುಕೊಂಡರೆ ಕಾವಲಿಯಿಂದ ಆಗಷ್ಟೇ ತೆಗೆದ ರೊಟ್ಟಿಯ ಬಿಸಿ.

ಪ್ರತಿ ಫೋನಿನ ಬ್ಯಾಟರಿಗೂ ಶಾಖ ಅಳೆಯುವ ಒಂದು ಸಣ್ಣ ಭಾಗ ಇರುತ್ತದೆ, ಥರ್ಮಿಸ್ಟರ್ ಎನ್ನುತ್ತೇವೆ. ಅರವತ್ತು ಡಿಗ್ರಿಯ ಆಸುಪಾಸಿಗೆ ಬಂತೆಂದರೆ ಬೆಂಕಿ ಹತ್ತಬಾರದೆಂದು ಫೋನ್ ತಾನೇ ಆಫ್ ಆಗುತ್ತದೆ. ಕೆಲವು ಫೋನುಗಳು ಆಮೇಲೆ ಕಾರಣ ಹೇಳುತ್ತವೆ, ಇದು ಬಾಯಿ ಬಿಡುವ ಜಾತಿಯಲ್ಲ. ಕುಶಾಲಪ್ಪನವರು ಸ್ನಾನ, ತಿಂಡಿ ಮುಗಿಸಿ ಬರುವಷ್ಟರಲ್ಲಿ ಒಲೆ ಆರಿ ಫೋನ್ ತಣ್ಣಗಾಗಿರುತ್ತಿತ್ತು. ಮಳೆಗಾಲದಲ್ಲೂ ಹೀಗೇ ಆಗಿರಬೇಕು. ಆದರೆ ಆಗ ಟವರೇ ಮಲಗಿರುವುದರಿಂದ ಯಾರ ಫೋನು ಯಾಕೆ ಹತ್ತುವುದಿಲ್ಲ ಎಂದು ಯಾರು ಕೇಳುತ್ತಾರೆ?

ದಮಯಂತಿಯವರು ಬಾಯಿ ಮೇಲೆ ಕೈಯಿಟ್ಟುಕೊಂಡರು. "ಉಪ್ಪು, ಬೆಂಕಿಪೊಟ್ಟಣ, ಕರಿಮೆಣಸು, ಥಂಡಿಗೆ ಹಾಳಾಗೋದನ್ನೆಲ್ಲ ನಾವು ಒಲೆ ಮೇಲೇ ಅಲ್ವಾ ಇಡೋದು. ಫೋನೂ ಬೆಚ್ಚಗಿರ್ಲಿ ಅಂತ ನಾನೇ ಮೊಳೆ ಹೊಡೆದೆ. ರೇಂಜೂ ಅಲ್ಲೇ ಸಿಕ್ತು."

ನಾನು ಅದನ್ನು ಫ್ರಿಜ್ಜಿನಲ್ಲಿಟ್ಟು ಕಾದಿದ್ದೆ! ನಗು ಬಂತು. ಕುಶಾಲಪ್ಪನವರು ಮಾತ್ರ ನಗಲಿಲ್ಲ. "ಅಣ್ಣನಿಗೆ ತೋರಿಸಬೇಕು. ನಾನು ಕರೆದ್ರೆ ಬರೋದಿಲ್ಲ, ನೀವು ಕರೀರಿ" ಎಂದರು.

ಬೆಳ್ಯಪ್ಪನವರ ಮನೆ ಒಂದು ಗದ್ದೆಯ ಆಚೆ. ಬದುವಿನ ಮೇಲೆ ನಡೆದು ಹೋದೆ. ಅಂಗಳದಲ್ಲಿ ಕಾಫಿ ಹರವುತ್ತಿದ್ದ ಹಿರಿಯರಿಗೆ ನಾನು ಯಾರು, ಯಾಕೆ ಬಂದೆ ಎಂದು ಹೇಳಿದೆ. ಅವರು ಕೈಯಲ್ಲಿದ್ದ ಹಲಗೆ ಕೆಳಗಿಡಲಿಲ್ಲ. "ಅವನು ಕರ್ಕೊಂಡು ಬಂದ ಮೆಕ್ಯಾನಿಕ್ಕು ಅವನ ಹಾಗೇ ಹೇಳ್ತಾನೆ" ಎಂದರು. ನನಗೆ ಸಿಟ್ಟು ನೆತ್ತಿಗೇರಿತು. "ನನ್ನ ಮಾತು ನಂಬಬೇಡಿ. ನಿಮ್ಮ ಕಣ್ಣು ನಂಬ್ತೀರಲ್ಲ, ಬನ್ನಿ" ಎಂದೆ. ಒಳಗಿನಿಂದ ಮಗು ಅಳುವುದು ಕೇಳಿಸುತ್ತಿತ್ತು. ಅವರು ಹಲಗೆ ಕೆಳಗಿಟ್ಟು ಚಪ್ಪಲಿ ಮೆಟ್ಟಿದರು.

ತಮ್ಮನ ಜಗಲಿಗೆ ಬಂದ ಅಣ್ಣನಿಗೆ ಯಾರೂ ಬಾ ಎನ್ನಲಿಲ್ಲ, ಕೂರು ಎನ್ನಲಿಲ್ಲ. ಹೇಗೆ ಹೇಳುವುದೆಂದು ಆ ಮನೆಯವರಿಗೆ ತಿಳಿಯಲಿಲ್ಲ. ದಮಯಂತಿಯವರು ಒಲೆಗೆ ಮತ್ತೆ ಬೇರು ತುಂಬಿದರು. ನಾನು ಫೋನ್ ಆನ್ ಮಾಡಿ, ಚಾರ್ಜು ಎಷ್ಟಿದೆ ನೋಡಿ ಎಂದು ಬೆಳ್ಯಪ್ಪನವರಿಗೆ ತೋರಿಸಿ, ಮೊಳೆಗೆ ಹಾಕಿದೆ. ಎಲ್ಲರೂ ಒಲೆಯ ಮುಂದೆ ಕಾದು ನಿಂತೆವು. ಈಗಲೂ ಆಫ್ ಆಗದಿದ್ದರೆ ಏನು ಗತಿ ಎಂದು ನನಗೆ ಆ ಬಿಸಿಯಲ್ಲೂ ಬೆನ್ನು ತಣ್ಣಗಾಯಿತು. ಆದರೆ ಫೋನ್ ನನ್ನ ಮಾನ ಉಳಿಸಿತು. ಬೆಳ್ಯಪ್ಪನವರ ಕಣ್ಣೆದುರೇ ಬೆಳಗಿ, ಕಪ್ಪಾಯಿತು. ಅವರ ಕೈಗೆ ಕೊಟ್ಟೆ. ಬಿಸಿ ತಾಳಲಾರದೆ ಕೈ ಬದಲಿಸುತ್ತ ಹಿಡಿದುಕೊಂಡರು.

ಈಗ ತಮ್ಮನ ಕ್ಷಮೆ ಕೇಳುತ್ತಾರೆ, ಇಬ್ಬರೂ ಒಂದಾಗುತ್ತಾರೆ, ನಾನು ಊರಿಗೆ ಹೊರಡಬಹುದು ಎಂದು ಲೆಕ್ಕ ಹಾಕಿದ್ದೆ. ಬೆಳ್ಯಪ್ಪನವರು ಫೋನನ್ನೂ ನೋಡಲಿಲ್ಲ, ತಮ್ಮನನ್ನೂ ನೋಡಲಿಲ್ಲ. ಜಗಲಿಯ ಅಂಚಿಗೆ ಹೋಗಿ ಗದ್ದೆಯ ಆಚೆ ನೋಡುತ್ತ ನಿಂತರು. ಅಲ್ಲಿಂದ ಅವರ ಅಂಗಳ, ಹರವಿದ ಕಾಫಿ, ಬಾವಿಕಟ್ಟೆ, ಒಣಗಹಾಕಿದ ಮಗುವಿನ ಬಟ್ಟೆ ಎಲ್ಲ ಕಾಣುತ್ತಿತ್ತು.

"ಅವತ್ತು ಆ ಬಾವಿ ಹತ್ರ ನಿಂತು ಫೋನ್ ಮಾಡಿದ್ದು ನಾನು," ಎಂದರು. "ಅಲ್ಲಿಂದ ಕೂಗಿದ್ರೆ ನಿಂಗೆ ಕೇಳ್ತಿತ್ತಲ್ಲ?"

"ಕೇಳ್ತಿತ್ತು ಅಣ್ಣ," ಎಂದರು ಕುಶಾಲಪ್ಪ.

"ಒಂದು ಕೂಗು. ಅಷ್ಟೇ. ಆ ಹುಡುಗಿ ಅಷ್ಟು ನರಳೋದು ತಪ್ತಿತ್ತು." ಬಿಸಿ ಫೋನನ್ನು ಮತ್ತೆ ಇನ್ನೊಂದು ಕೈಗೆ ಬದಲಿಸಿದರು. "ಸ್ವಿಚ್ ಆಫ್ ಮಾಡಿದ್ದಾರೆ ಅಂತ ಫೋನಲ್ಲಿ ಯಾವಳೋ ಹೇಳಿದ್ಲು. ನಾನು ಅವಳ ಮಾತು ನಂಬಿದೆ."

ಕುಶಾಲಪ್ಪನವರು ಹೋಗಿ ಅಣ್ಣನ ಕೈಯಿಂದ ಆ ಬಿಸಿ ಫೋನನ್ನು ತೆಗೆದುಕೊಂಡರು. ದಮಯಂತಿಯವರು ಒಳಗೆ ಹೋಗಿ ಕಾಫಿಗೆ ನೀರಿಟ್ಟ ಸದ್ದು ಕೇಳಿಸಿತು. ಮೊಳೆಯನ್ನು ನಾನೇ ಕಿತ್ತು ಜಗಲಿಯ ಇನ್ನೊಂದು ತುದಿಗೆ ಹೊಡೆದೆ. ಅಲ್ಲಿ ಒಂದೇ ಕಡ್ಡಿ ರೇಂಜ್, ಆದರೆ ಫೋನ್ ಮತ್ತೆಂದೂ ತಾನಾಗಿ ಆಫ್ ಆಗಲಿಲ್ಲ. ನಾಮಕರಣಕ್ಕೆ ತಮ್ಮನ ಮನೆಗೂ, ನನಗೂ ಕರೆ ಬಂದಿತ್ತು. ಕೆಲಸದ ಒತ್ತಡದಲ್ಲಿ ಹೋಗಲಾಗಲಿಲ್ಲ.

ಇಂದಿಗೂ ಯಾರಾದರೂ ಫೋನ್ ತಾನಾಗಿ ಆಫ್ ಆಗುತ್ತದೆ ಎಂದು ಬಂದರೆ ನಾನು ತಕ್ಷಣ ಸ್ಕ್ರೂಡ್ರೈವರ್‌ಗೆ ಕೈ ಹಾಕುವುದಿಲ್ಲ. ಮನೆಯಲ್ಲಿ ಎಲ್ಲಿಡುತ್ತೀರಿ, ಪಕ್ಕದಲ್ಲಿ ಏನಿರುತ್ತದೆ, ಯಾವ ಹೊತ್ತಿನಲ್ಲಿ ಹೀಗಾಗುತ್ತದೆ ಎಂದು ಕೇಳುತ್ತೇನೆ. ಕೆಲಸದ ಪಾಠ ಅಷ್ಟು. ಇನ್ನೊಂದು ಪಾಠ ಅಂಗಡಿಯ ಹೊರಗಿನದು. ನಾನು ಫೋನ್ ಮಾಡಿದ ಯಾರದ್ದಾದರೂ ಸ್ವಿಚ್ ಆಫ್ ಎಂದು ಬಂದರೆ, ನನಗೆ ಮೊದಲು ಬರುತ್ತಿದ್ದದ್ದು ಸಿಟ್ಟು. ಈಗ ಎದ್ದು ಚಪ್ಪಲಿ ಹಾಕಿಕೊಂಡು ಅವರ ಮನೆಯ ಕಡೆ ಹೊರಡುತ್ತೇನೆ.